ಜಿಲ್ಲೆ ಒಡೆಯಿತು, ಕ್ಷೇತ್ರ ಒಡೆಯಲಿಲ್ಲ!

ಒಂದು ಕ್ಷೇತ್ರಕ್ಕೆ ಒಬ್ಬ ಪ್ರತಿನಿಧಿ. ಈ ಲೆಕ್ಕ ನಮ್ಮ ತಲೆಯಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆಯೆಂದರೆ ಬೇರೆ ಬಗೆಯೂ ಇದ್ದೀತು ಎಂಬ ಅನುಮಾನವೇ ಹುಟ್ಟುವುದಿಲ್ಲ. ಬಾದಾಮಿಗೊಬ್ಬರು, ಹುನಗುಂದಕ್ಕೊಬ್ಬರು, ಬಾಗಲಕೋಟೆಗೊಬ್ಬರು. ಇಳಕಲ್ ಸ್ವಂತ ತಾಲ್ಲೂಕಾದರೂ ವಿಧಾನಸಭೆಯ ಮಟ್ಟಿಗೆ ಹುನಗುಂದದ ಸಂಗಡವೇ ಇದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಈ ನಾಲ್ಕೂ ಊರುಗಳನ್ನು ಒಡಲಲ್ಲಿಟ್ಟುಕೊಂಡು, ಮಲಪ್ರಭೆಯಿಂದ ಹಿಡಿದು ಅತ್ತ ಭೀಮಾ ದಂಡೆಯವರೆಗೆ ಚಾಚಿಕೊಂಡು, ಒಂದೇ ಮತಪತ್ರದಿಂದ ಇಬ್ಬರನ್ನು ಬೆಂಗಳೂರಿಗೆ ಕಳಿಸುವ ಇನ್ನೊಂದು ಕ್ಷೇತ್ರ ನಮ್ಮ ಕಾಲಬುಡದಲ್ಲೇ ಇದೆ! ವಿಧಾನ ಪರಿಷತ್ತಿನ ವಿಜಯಪುರ ಸ್ಥಳೀಯ ಸಂಸ್ಥೆಗಳ ಕ್ಷೇತ್ರ ಅದು. ಪತ್ರಿಕೆಗಳು ‘ದ್ವಿಸದಸ್ಯ ಕ್ಷೇತ್ರ’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತವೆ. ಆ ಒಂದು ಸಾಲಿನ ಹಿಂದೆ ಎಂಥ ಸೋಜಿಗ ಅಡಗಿದೆ ನೋಡಿ.

ದ್ವಿಸದಸ್ಯ ಕ್ಷೇತ್ರ ಎಂದೊಡನೆ ಹಳಬರಿಗೆ ನೆನಪಾಗುವುದು ಬೇರೆಯದೇ. ಮೊದಲ ಎರಡು ಮಹಾಚುನಾವಣೆಗಳಲ್ಲಿ ದೇಶದ ತುಂಬ ಇಬ್ಬರನ್ನು ಆರಿಸುವ ಕ್ಷೇತ್ರಗಳಿದ್ದವು. ಒಂದು ಸ್ಥಾನ ಸಾಮಾನ್ಯ, ಇನ್ನೊಂದು ಪರಿಶಿಷ್ಟರಿಗೆ ಮೀಸಲು, ಮತದಾರನಿಗೆ ಎರಡು ಮತ. 1952ರಲ್ಲಿ ಮೈಸೂರು ವಿಧಾನಸಭೆಗೆ 80 ಕ್ಷೇತ್ರಗಳಿಂದ 99 ಸದಸ್ಯರು ಬಂದಿದ್ದರು. ಏಕೀಕರಣದ ಬಳಿಕ ಅವಿಭಜಿತ ವಿಜಾಪುರ ಜಿಲ್ಲೆಯೂ ಸೇರಿಕೊಂಡ 1957ರ ಚುನಾವಣೆಯಲ್ಲಿ 179 ಕ್ಷೇತ್ರಗಳಿಂದ 208 ಮಂದಿ. ಅಂದಿನ ನಿಯಮಗಳನ್ನು ಈಗ ಓದಿದರೂ ತಲೆ ತಿರುಗುತ್ತದೆ. 1952ರಲ್ಲಿ ಅಭ್ಯರ್ಥಿಗೊಂದು ಪೆಟ್ಟಿಗೆ. ಎರಡೂ ಚೀಟಿಗಳನ್ನು ಒಂದೇ ಪೆಟ್ಟಿಗೆಗೆ ಹಾಕಿದರೆ ಒಂದು ವ್ಯರ್ಥ. ಅಂಬೇಡ್ಕರ್ ಅವರು ಆ ವರ್ಷ ಲೋಕಸಭೆಗೆ ನಿಂತು ಸೋತದ್ದು ಮುಂಬಯಿಯ ಇಂಥದೇ ಒಂದು ದ್ವಿಸದಸ್ಯ ಕ್ಷೇತ್ರದಲ್ಲಿ. 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಎರಡೂ ಸ್ಥಾನಗಳು ಪರಿಶಿಷ್ಟ ಪಂಗಡದ ಅಭ್ಯರ್ಥಿಗಳ ಪಾಲಾಗಿ, ಮುಂದೆ ರಾಷ್ಟ್ರಪತಿಯಾಗಲಿದ್ದ ವಿ.ವಿ. ಗಿರಿ ಹೊರಗುಳಿದರು. ಅವರು ಸುಪ್ರೀಂ ಕೋರ್ಟಿನವರೆಗೆ ಹೋದರೂ ಫಲಿತಾಂಶ ಬದಲಾಗಲಿಲ್ಲ. 1961ರಲ್ಲಿ ಸಂಸತ್ತು ಒಂದು ಕಾಯ್ದೆ ತಂದು ಲೋಕಸಭೆ, ವಿಧಾನಸಭೆಗಳ ದ್ವಿಸದಸ್ಯ ಕ್ಷೇತ್ರಗಳನ್ನೆಲ್ಲ ರದ್ದು ಮಾಡಿತು.

ಕಥೆ ಅಲ್ಲಿಗೆ ಮುಗಿಯಿತೆಂದು ನಾವು ನಂಬಿದ್ದೇವೆ. ಮುಗಿದಿಲ್ಲ! ಆ ಕಾಯ್ದೆ ಮೇಲ್ಮನೆಯ ಗೊಡವೆಗೆ ಹೋಗಲೇ ಇಲ್ಲ.

ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಪಾಲು. ಆ 25 ಮಂದಿ ಆರಿಸಿ ಬರುವುದು ಬರೀ 20 ಕ್ಷೇತ್ರಗಳಿಂದ. ಹದಿನೈದರಲ್ಲಿ ಒಬ್ಬೊಬ್ಬರು, ಐದರಲ್ಲಿ ಇಬ್ಬಿಬ್ಬರು. ಆ ಐದು ಯಾವುವು? ವಿಜಯಪುರ, ಧಾರವಾಡ, ದಕ್ಷಿಣ ಕನ್ನಡ, ಮೈಸೂರು, ಬೆಳಗಾವಿ. ಈಗ ಕರ್ನಾಟಕದ ನಕಾಶೆಯನ್ನು ಎದುರಿಗೆ ಹರಡಿಕೊಂಡು 1997ನೇ ಇಸವಿಯನ್ನು ನೆನೆಯಿರಿ. ಆ ವರ್ಷ ವಿಜಾಪುರದಿಂದ ಬಾಗಲಕೋಟೆ ಬೇರೆಯಾಯಿತು, ಧಾರವಾಡದಿಂದ ಗದಗ ಮತ್ತು ಹಾವೇರಿ, ದಕ್ಷಿಣ ಕನ್ನಡದಿಂದ ಉಡುಪಿ, ಮೈಸೂರಿನಿಂದ ಚಾಮರಾಜನಗರ. ಐದರಲ್ಲಿ ನಾಲ್ಕು! ಆಗ ಒಡೆದ ಈ ನಾಲ್ಕು ದೊಡ್ಡ ಜಿಲ್ಲೆಗಳೂ ಪರಿಷತ್ತಿನ ನಕಾಶೆಯಲ್ಲಿ ಇನ್ನೂ ಒಡೆಯದೆ ನಿಂತಿವೆ. ಐದನೆಯದಾದ ಬೆಳಗಾವಿಯನ್ನು ಒಡೆಯಬೇಕೆಂಬ ಕೂಗು ಎಷ್ಟೋ ವರ್ಷಗಳಿಂದ ಇದ್ದೇ ಇದೆ.

ಬಾಗಲಕೋಟೆಗೆ ಸ್ವಂತ ಜಿಲ್ಲಾಧಿಕಾರಿ ಬಂದರು, ಜಿಲ್ಲಾ ಪಂಚಾಯಿತಿ ಬಂತು. ಹಳೆಯ ಊರಿನ ಭಾಗಗಳು ಆಲಮಟ್ಟಿಯ ಹಿನ್ನೀರಿಗೆ ಸಂದು ನವನಗರವೇ ಎದ್ದಿತು. ಅತ್ತ ವಿಜಾಪುರ 2014ರಲ್ಲಿ ತನ್ನ ಹೆಸರನ್ನೇ ಬದಲಿಸಿಕೊಂಡಿತು. ಇಷ್ಟೆಲ್ಲ ಆದರೂ ಪರಿಷತ್ತಿನ ಚುನಾವಣೆ ಬಂದಾಗ ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನ ಪಂಚಾಯಿತಿ ಸದಸ್ಯನೂ ಇಂಡಿ ತಾಲ್ಲೂಕಿನ ಯಾವುದೋ ಹಳ್ಳಿಯ ಸದಸ್ಯೆಯೂ ಒಂದೇ ಕ್ಷೇತ್ರದ ಮತದಾರರು.

ಹೌದು, ಸದಸ್ಯರೇ ಇಲ್ಲಿ ಮತದಾರರು. ಇದೇ ಎರಡನೆಯ ಸೋಜಿಗ. ನಾವು ನೀವು ಈ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ನಾವು ಆರಿಸಿದ ಗ್ರಾಮ ಪಂಚಾಯಿತಿ ಸದಸ್ಯರು, ಬಾಗಲಕೋಟೆ ಮತ್ತು ಇಳಕಲ್ ನಗರಸಭೆಗಳ ಸದಸ್ಯರು, ಬಾದಾಮಿ ಮತ್ತು ಹುನಗುಂದ ಪುರಸಭೆಗಳ ಸದಸ್ಯರು ಹಾಕುತ್ತಾರೆ. ಮತಯಂತ್ರ ಇಲ್ಲ, ಗುಂಡಿ ಒತ್ತುವುದಿಲ್ಲ. ಕಾಗದದ ಮತಪತ್ರ, ಚುನಾವಣಾ ಆಯೋಗವೇ ಕೊಡುವ ನೇರಳೆ ಶಾಯಿಯ ಪೆನ್ನು. ಮೆಚ್ಚಿದ ಅಭ್ಯರ್ಥಿಯ ಎದುರು 1, ಆಮೇಲಿನವರಿಗೆ 2, 3. ಟಿಕ್ ಹಾಕಿದರೆ ಮತ ರದ್ದು, ‘ಒಂದು’ ಎಂದು ಅಕ್ಷರದಲ್ಲಿ ಬರೆದರೂ ರದ್ದು. ಆದರೆ ಅಂಕಿಯನ್ನು ಕನ್ನಡದಲ್ಲಿ ೧, ೨, ೩ ಎಂದು ಬರೆಯಬಹುದು! ಬಸ್ಸಿನ ಫಲಕದಲ್ಲೂ ಅಪರೂಪವಾಗುತ್ತಿರುವ ಕನ್ನಡ ಅಂಕಿ ಇಲ್ಲಿ ಕಾನೂನುಬದ್ಧ ಮತ.

ಇನ್ನು ಎಣಿಕೆ. ನನ್ನನ್ನು ದಂಗುಬಡಿಸಿದ್ದು ಇದೇ.

ಸಂವಿಧಾನದ 171ನೇ ವಿಧಿ ಈ ಚುನಾವಣೆಗೆ ಏಕ ವರ್ಗಾವಣೀಯ ಮತ ಪದ್ಧತಿಯನ್ನು ಹೇಳುತ್ತದೆ. ಐರ್ಲೆಂಡಿನ ಜನ ತಮ್ಮ ಸಂಸತ್ತನ್ನು ಆರಿಸುವುದೂ, ಮಾಲ್ಟಾದವರು ಆರಿಸುವುದೂ ಹೀಗೆಯೇ. ಹುನಗುಂದದ ಪುರಸಭೆ ಸದಸ್ಯೆಯ ಕೈಯಲ್ಲಿರುವುದು ಡಬ್ಲಿನ್ನಿನ ಮತದಾರನ ಕೈಯಲ್ಲಿರುವಂಥದೇ ಮತಪತ್ರ! ಇಬ್ಬರನ್ನು ಆರಿಸಬೇಕಾದಾಗ ನಿಯಮಗಳು ಪ್ರತಿ ಮತಪತ್ರಕ್ಕೂ 100ರ ಬೆಲೆ ಕಟ್ಟುತ್ತವೆ. ಒಟ್ಟು ಬೆಲೆಯನ್ನು ಸ್ಥಾನಗಳಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ, ಅಂದರೆ ಮೂರರಿಂದ, ಭಾಗಿಸಿ ಒಂದು ಕೂಡಿಸಿದರೆ ಬರುವುದೇ ಗೆಲುವಿನ ಕೋಟಾ. ಮೂರರಿಂದಲೇ ಏಕೆ? ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಇಬ್ಬರು ಪಡೆಯಬಹುದು, ಮೂವರು ಪಡೆಯಲು ಸಾಧ್ಯವೇ ಇಲ್ಲ. ಎಂಥ ಸರಳ, ಎಂಥ ಚೆಲುವಾದ ಗಣಿತ!

ಊಹೆಯ ಒಂದು ಲೆಕ್ಕ ಮಾಡೋಣ. 7,200 ಮತಪತ್ರಗಳು ಸಿಂಧುವಾದವು ಎನ್ನಿ. ಒಟ್ಟು ಬೆಲೆ 7,20,000. ಕೋಟಾ 2,40,001. ಒಬ್ಬ ಅಭ್ಯರ್ಥಿಗೆ 3,000 ಮೊದಲ ಪ್ರಾಶಸ್ತ್ಯ ಬಂದರೆ ಅವನ ಬೆಲೆ 3,00,000. ಗೆದ್ದ, ಮೇಲೆ 59,999 ಮಿಕ್ಕಿತು. ನಮ್ಮ ಮಾಮೂಲಿ ಚುನಾವಣೆಯಲ್ಲಿ ಮಿಕ್ಕ ಮತಕ್ಕೆ ಅರ್ಥವಿಲ್ಲ, ಅಂತರದ ಜಂಬಕ್ಕಷ್ಟೇ ಅದು. ಇಲ್ಲಿ ಹಾಗಲ್ಲ. ಅವನ ಮೂರು ಸಾವಿರ ಪತ್ರಗಳನ್ನೂ ಮತ್ತೆ ಬಿಚ್ಚಿ ಎರಡನೆಯ ಪ್ರಾಶಸ್ತ್ಯ ಯಾರಿಗಿದೆ ಎಂದು ನೋಡುತ್ತಾರೆ. 2,500ರಲ್ಲಿ ಇದ್ದರೆ 59,999ನ್ನು ಅಷ್ಟರಿಂದ ಭಾಗಿಸಿ, ಭಿನ್ನರಾಶಿ ಬಿಟ್ಟು, ತಲಾ 23ರ ಬೆಲೆಯಲ್ಲಿ ಆ ಪತ್ರಗಳನ್ನು ಮುಂದಿನವರಿಗೆ ದಾಟಿಸುತ್ತಾರೆ. ಒಂದೇ ಮತದ 77 ಪಾಲು ಗೆದ್ದವನ ಬಳಿ, 23 ಪಾಲು ಇನ್ನೊಬ್ಬನ ಬಳಿ! ಆಗಲೂ ಎರಡನೆಯ ಸ್ಥಾನ ತುಂಬದಿದ್ದರೆ ಕೊನೆಯಲ್ಲಿರುವವನನ್ನು ಕೈಬಿಟ್ಟು ಅವನ ಮತಗಳನ್ನೂ ಮುಂದೆ ಸಾಗಿಸುತ್ತಾರೆ.

ಇದೇ ಬಾದಾಮಿಯಲ್ಲಿ 2018ರ ವಿಧಾನಸಭಾ ಚುನಾವಣೆ ನೆನಪಿರಬೇಕಲ್ಲ? ಸಿದ್ದರಾಮಯ್ಯನವರು ಶ್ರೀರಾಮುಲು ಅವರ ಎದುರು ಗೆದ್ದದ್ದು 1,696 ಮತಗಳಿಂದ. ಸೋತವರಿಗೆ ಬಿದ್ದ ಮತಗಳೆಲ್ಲ ಆ ಕ್ಷಣಕ್ಕೇ ತೀರಿಹೋದವು. ಅದೇ ಮಣ್ಣಿನಲ್ಲಿ, ಅದೇ ಊರಿನವರ ಕೈಯಲ್ಲಿ, ಮತ ಇಷ್ಟು ಬೇರೆ ರೀತಿ ಬಾಳುವ ಇನ್ನೊಂದು ಚುನಾವಣೆಯೂ ನಡೆಯುತ್ತದೆ.

ಈ ಪದ್ಧತಿ ಕಳಿಸಿದ ಜೋಡಿಗಳನ್ನು ನೋಡಿ. 2015ರಲ್ಲಿ ಕಾಂಗ್ರೆಸ್ಸಿನ ಎಸ್.ಆರ್. ಪಾಟೀಲ ಮತ್ತು ಪಕ್ಷೇತರರಾಗಿ ನಿಂತ ಬಸನಗೌಡ ಪಾಟೀಲ ಯತ್ನಾಳ. ಈ ಇಬ್ಬರನ್ನು ಬೇರೆ ಯಾವ ಚುನಾವಣೆ ಒಂದೇ ಕ್ಷೇತ್ರದ ಪ್ರತಿನಿಧಿಗಳನ್ನಾಗಿ ಕೂರಿಸೀತು! 2018ರಲ್ಲಿ ಯತ್ನಾಳರು ವಿಧಾನಸಭೆಗೆ ಗೆದ್ದು ಹೋದರು, ತೆರವಾದ ಸ್ಥಾನಕ್ಕೆ ಉಪಚುನಾವಣೆ ನಡೆದು ಸುನೀಲಗೌಡ ಪಾಟೀಲ ಬಂದರು. ಇಲ್ಲೊಂದು ತಮಾಷೆ ಇದೆ. ಖಾಲಿ ಇದ್ದದ್ದು ಒಂದೇ ಸ್ಥಾನವಾದ್ದರಿಂದ ಅದೇ ಕ್ಷೇತ್ರ ಆ ಒಂದು ದಿನಕ್ಕೆ ಏಕಸದಸ್ಯವಾಯಿತು! ಮತಪತ್ರದ ಬೆಲೆ 100ರಿಂದ 1ಕ್ಕೆ ಇಳಿಯಿತು, ಗೆಲ್ಲಲು ಬೇಕಾದ ಪಾಲು ಮೂರನೇ ಒಂದರಿಂದ ಅರ್ಧಕ್ಕೆ ಏರಿತು.

ಹಾಗಾದರೆ ಜಿಲ್ಲೆ ಒಡೆದಂತೆ ಕ್ಷೇತ್ರವನ್ನೂ ಒಡೆದು ಬಾಗಲಕೋಟೆಗೊಂದು, ವಿಜಯಪುರಕ್ಕೊಂದು ಸ್ಥಾನ ಕೊಟ್ಟರೆ ಏನಾದೀತು? ಎರಡೂ ಕಡೆ ಅರ್ಧಕ್ಕಿಂತ ಹೆಚ್ಚು ಪಡೆದವರದೇ ರಾಜ್ಯ. ಮೂರನೇ ಒಂದು ಭಾಗದ ಬಲ ಇರುವವರಿಗೆ ಇಂದು ತೆರೆದಿರುವ ಬಾಗಿಲು ಮುಚ್ಚುತ್ತದೆ. ಒಡೆಯದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬಾಗಲಕೋಟೆಯ ಅಭಿಮಾನಿಗಳು ಸಿಟ್ಟಾಗಲಿ.

ಆದರೆ ಪಕ್ಷಗಳು ಇಷ್ಟು ಚೆಂದದ ಯಂತ್ರವನ್ನು ಮೊಂಡು ಮಾಡಿವೆ. 2021ರ ಡಿಸೆಂಬರ್ 10ರ ಚುನಾವಣೆಯಲ್ಲಿ ಇಲ್ಲಿದ್ದ ಎರಡು ಸ್ಥಾನಗಳಿಗೆ ಕಾಂಗ್ರೆಸ್ ಒಬ್ಬರನ್ನು, ಬಿಜೆಪಿ ಒಬ್ಬರನ್ನು ನಿಲ್ಲಿಸಿದವು. ಮೇಲ್ಮನೆಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ಎಸ್.ಆರ್. ಪಾಟೀಲರಿಗೇ ಟಿಕೆಟ್ ಸಿಗಲಿಲ್ಲ. ಕಾಂಗ್ರೆಸ್ಸಿನ ಸುನೀಲಗೌಡ ಪಾಟೀಲ, ಬಿಜೆಪಿಯ ಪಿ.ಎಚ್. ಪೂಜಾರ ಇಬ್ಬರೂ ಗೆದ್ದರು. ಮತ ಒಡೆದೀತೆಂಬ ಅಂಜಿಕೆ ಪಕ್ಷಗಳದು. ಒಡೆದ ಮತವನ್ನು ಮತ್ತೆ ಕೂಡಿಸಲೆಂದೇ ಹುಟ್ಟಿದ ಪದ್ಧತಿಯಲ್ಲಿ ಈ ಅಂಜಿಕೆಯೇ ವಿಚಿತ್ರ. ಅದೇ ದಿನ ಬೆಳಗಾವಿಯಲ್ಲಿ ಪಕ್ಷೇತರ ಲಖನ್ ಜಾರಕಿಹೊಳಿ ನುಗ್ಗಿ ಎರಡನೆಯ ಸ್ಥಾನ ಕಸಿದುಕೊಂಡರು, ಬಿಜೆಪಿ ಸೋತಿತು. ಬಾಗಿಲು ತೆರೆದೇ ಇದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಬೇಸರದ ಮಾತೂ ಒಂದಿದೆ. 2021ರ ಮತದಾನದ ಹೊತ್ತಿಗೆ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದು, ಹೊಸ ಚುನಾವಣೆ ನಡೆಯದೆ, ಆ ಸದಸ್ಯರೇ ಮತದಾರರ ಪಟ್ಟಿಯಲ್ಲಿರಲಿಲ್ಲ. ಕೆಳಗಿನ ಸಂಸ್ಥೆಗಳು ಖಾಲಿ ಬಿದ್ದರೆ ಮೇಲ್ಮನೆಗೆ ಕಳಿಸುವವರೂ ಇಲ್ಲವಾಗುತ್ತಾರೆ.

ಈಗಿನ ಇಬ್ಬರ ಅವಧಿ 2028ರ ಜನವರಿಗೆ ಮುಗಿಯುತ್ತದೆ. ಹಾಗಾಗಿ ಮುಂದಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನಿಮ್ಮ ಮನೆ ಬಾಗಿಲಿಗೆ ಮತ ಕೇಳಲು ಬರುವವರನ್ನು ಚರಂಡಿ, ನಳ, ಬೀದಿದೀಪದ ಮಾತು ಮುಗಿದ ಮೇಲೆ ಇದನ್ನೂ ಕೇಳಿ: ಪರಿಷತ್ತಿನ ಮತಪತ್ರದಲ್ಲಿ ಎರಡನೆಯ ಪ್ರಾಶಸ್ತ್ಯವನ್ನು ಯಾರಿಗೆ ಬರೆಯುತ್ತೀರಿ?