ತಂಪು ಬೇರೆ, ಶುದ್ಧವಾಯು ಬೇರೆ

ಹಳೆಯ ಕಚೇರಿಯನ್ನು ನವೀಕರಿಸುವಾಗ ಬೆಳಕಿಂಡಿಗಳನ್ನು ಮುಚ್ಚಿ, ಗಾಜು ಕೂರಿಸಿ, ಎ.ಸಿ. ಅಳವಡಿಸುವುದು ನಮ್ಮ ಹೊನ್ನಾಳಿಯಂತಹ ಊರುಗಳಲ್ಲಿಯೂ ರೂಢಿಯಾಗುತ್ತಿದೆ. ಆದರೆ ಗೋಡೆಗೆ ಕೂರಿಸುವ ಸಾಮಾನ್ಯ ಎ.ಸಿ. ಕೊಠಡಿಯೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪಾಗಿಸುತ್ತದೆಯೇ ಹೊರತು ಹೊಸ ಗಾಳಿಯನ್ನು ತರುವುದಿಲ್ಲ. ಇಂತಹ ಕೊಠಡಿಯಲ್ಲಿ ಜನರ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತದೆ. ತಲೆಭಾರ, ತೂಕಡಿಕೆಗಳಿಗೆ ಇದೂ ಒಂದು ಕಾರಣ. ನೆಗಡಿ, ಕ್ಷಯಗಳ ಸೋಂಕು ಸಹ ಅಲ್ಲಿ ಸುಲಭವಾಗಿ ಹರಡುತ್ತದೆ.

ಚಿಕಿತ್ಸಾಗೃಹವು ಬಿರುಗಾಳಿಗೆ ಮರೆಯಾಗಿರಬೇಕು, ಆದರೆ ಅದರ ಒಂದು ಭಾಗದಲ್ಲಿ ಗಾಳಿ ಚೆನ್ನಾಗಿ ಆಡುತ್ತಿರಬೇಕು; ಹೊಗೆ, ಬಿಸಿಲು, ಧೂಳು ಒಳನುಗ್ಗಬಾರದು ಎಂದು ಚರಕಸಂಹಿತೆಯ ಸೂತ್ರಸ್ಥಾನದ 15ನೆಯ ಅಧ್ಯಾಯ ವಿಧಿಸುತ್ತದೆ. ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಸಂಸ್ಥೆಯ ಹಸಿರು ಕಚೇರಿಯಲ್ಲಿ ಈ ತತ್ತ್ವವನ್ನು ಇಂದಿಗೂ ಕಾಣಬಹುದು. ಅದರ ದಕ್ಷಿಣದ ಕಪ್ಪು ಕಡಪಾ ಕಲ್ಲಿನ ಗೋಡೆ ಬಿಸಿಲಿಗೆ ಕಾದಾಗ, ಹಿಂಬದಿಯ ಪೊಳ್ಳಿನಲ್ಲಿರುವ ಗಾಳಿ ಬಿಸಿಯಾಗಿ ಮೇಲೇರಿ ಹೊರಹೋಗುತ್ತದೆ. ಆ ಸ್ಥಳವನ್ನು ತುಂಬಲು ಉತ್ತರದಿಂದ ತಂಗಾಳಿ ಒಳಬರುತ್ತದೆ.

ಕಟ್ಟಡ ನವೀಕರಿಸುವ ಸದ್ಭಕ್ತರು ಎದುರುಬದುರು ಕಿಟಕಿಗಳನ್ನೂ ಮೇಲಿನ ಬೆಳಕಿಂಡಿಗಳನ್ನೂ ಉಳಿಸಿಕೊಳ್ಳಬೇಕು. ತಾರಸಿಗೆ ಬಿಳಿ ಸುಣ್ಣ ಬಳಿಸಬೇಕು. ಎ.ಸಿ. ಅನಿವಾರ್ಯವಾದರೆ 24ರಿಂದ 26 ಡಿಗ್ರಿಯಲ್ಲಿರಲಿ. ತಣ್ಣನೆಯ ಗಾಳಿ ನೇರವಾಗಿ ಮೈಮೇಲೆ ಬೀಳದಿರಲಿ. ಅದರಿಂದ ವಾತ ಕೆರಳಿ ಕತ್ತು, ಭುಜಗಳು ಬಿಗಿಯುತ್ತವೆ. ಬೆಳಗ್ಗೆ ಕೆಲಸ ಆರಂಭಿಸುವ ಮುನ್ನ ಹಾಗೂ ಊಟದ ವೇಳೆಯಲ್ಲಿ ಕಿಟಕಿಗಳನ್ನು ತಪ್ಪದೆ ತೆರೆದಿಡಿರಿ.