ಶೇಷವು ಯಾರ ಪಾಲು?

ಬೆಂಗಳೂರಿನ ಎನ್.ಆರ್. ಕಾಲೋನಿಯಲ್ಲಿ, ಆಚಾರ್ಯ ಪಾಠಶಾಲೆಯ ಆಸುಪಾಸಿನ ಹಳೆಯ ಮನೆಗಳ ಜಗುಲಿಯ ಮೇಲೆ ಸಂಜೆಯ ಹೊತ್ತು ಕುಳಿತು ಮಾತಾಡುವ ಹಿರಿಯರು, ಒಂದು ಸಂಗತಿಯನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಬೇಕಾದಾಗ ಇಂದಿಗೂ ‘ಹದಿನಾರಾಣೆ ನಿಜ’ ಎಂದೇ ನುಡಿಯುತ್ತಾರೆ. ಆಣೆಯು ವ್ಯವಹಾರದಿಂದ ಮರೆಯಾಗಿ ದಶಕಗಳು ಸಂದವು; ‘ನಾಲ್ಕಾಣೆ’ಯೆಂಬ ಹಳೆಯ ಹೆಸರನ್ನು ಹೊತ್ತು ಬದುಕಿದ್ದ 25 ಪೈಸೆಯ ನಾಣ್ಯಕ್ಕೂ 2011ರ ಜೂನ್ 30ರಂದು ಚಲಾವಣೆ ತಪ್ಪಿತು; ಆದರೂ ನಮ್ಮ ನಾಲಗೆಯ ಮೇಲೆ ರೂಪಾಯಿ ಇನ್ನೂ ಹದಿನಾರು ಪಾಲಾಗಿಯೇ ಒಡೆಯುತ್ತದೆ. ಆ ಹದಿನಾರು ಪಾಲನ್ನು ನೂರು ಪಾಲು ಮಾಡಿದ ದಿನದ ಲೆಕ್ಕವನ್ನು ನೆನೆದರೆ, ಇದೇ ನಗರದಲ್ಲಿ ಬ್ಲಾಕ್‌ಚೈನ್ ತಂತ್ರಾಂಶವನ್ನು ಹೆಣೆಯುವ ತರುಣರನ್ನು ಕಾಡುವ ಒಂದು ಸೂಕ್ಷ್ಮ ಸಮಸ್ಯೆ ತಾನಾಗಿಯೇ ವಿಶದವಾಗುತ್ತದೆ.

ರೂಪಾಯಿಗೆ 16 ಆಣೆ, 64 ಕಾಲಾಣೆ, 192 ಪೈ ಎಂದಿದ್ದ ಪದ್ಧತಿಯನ್ನು 1955ರ ನಾಣ್ಯ ತಿದ್ದುಪಡಿ ಶಾಸನವು ರದ್ದುಗೊಳಿಸಿತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಎಂದಾಯಿತು. ನೂರನ್ನು ಹದಿನಾರರಿಂದ ಭಾಗಿಸಿದರೆ ಆರೂಕಾಲು. ಆದರೆ ಕಾಲು ಪೈಸೆಯ ನಾಣ್ಯವನ್ನು ಯಾವ ಟಂಕಶಾಲೆಯೂ ಅಚ್ಚು ಹಾಕಿರಲಿಲ್ಲ. ಆದಕಾರಣ ಶಾಸನವು ಶೇಷಕ್ಕೂ ಒಂದು ವಿಧಿಯನ್ನು ಬರೆಯಿತು: ಲೆಕ್ಕವು ಅತಿ ಸಮೀಪದ ನಯಾ ಪೈಸೆಗೆ ಸರಿಯತಕ್ಕದ್ದು, ಮೇಲಣ ಕೆಳಗಣ ಎರಡೂ ಸಮದೂರದಲ್ಲಿದ್ದರೆ ಕೆಳಗಣದಕ್ಕೆ ಇಳಿಯತಕ್ಕದ್ದು. ಹೀಗೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ ಸರಿಯಾಗಿ 25 ಪೈಸೆಯಾದವು. ಒಂದೂವರೆಗಿಂತ ತುಸು ಹೆಚ್ಚಿನ ಬೆಲೆಯ ಕಾಲಾಣೆ 2 ಪೈಸೆಯಾಯಿತು.

ಇಲ್ಲಿಯೇ ಕುತೂಹಲದ ಗಂಟಿರುವುದು. ಒಂದು ರೂಪಾಯಿಯನ್ನು ಒಂದೊಂದೇ ಆಣೆಯಾಗಿ ಹದಿನಾರು ಸಲ ಬದಲಾಯಿಸಿಕೊಂಡವನ ಕೈಗೆ 96 ಪೈಸೆ ಬರುತ್ತದೆ. ಒಂದೊಂದೇ ಕಾಲಾಣೆಯಾಗಿ ಅರುವತ್ತನಾಲ್ಕು ಸಲ ಬದಲಾಯಿಸಿಕೊಂಡವನಿಗೆ 128 ಬರುತ್ತದೆ. ಒಟ್ಟಿಗೆ ಕೊಟ್ಟವನಿಗೆ ಮಾತ್ರ ನೂರಕ್ಕೆ ನೂರು. ಪ್ರತಿ ಸಲವೂ ನಿಯಮ ಪಾಲನೆಯಾಗಿದೆ, ಯಾರೂ ಸುಳ್ಳು ಲೆಕ್ಕ ಬರೆದಿಲ್ಲ. ಕೊಡುವ ಕ್ರಮವೊಂದೇ ವ್ಯತ್ಯಾಸಕ್ಕೆ ಕಾರಣ.

ಬ್ಲಾಕ್‌ಚೈನ್ ಎಂಬುದು ಅನೇಕ ಗಣಕಯಂತ್ರಗಳು ಏಕಕಾಲಕ್ಕೆ ಇಟ್ಟುಕೊಂಡು ಬರುವ ಒಂದೇ ಖಾತೆಪುಸ್ತಕ. ಎಲ್ಲ ಯಂತ್ರಗಳ ಉತ್ತರವೂ ಕೊನೆಯ ಅಂಕಿಯವರೆಗೆ ಒಂದೇ ಆಗಿರಬೇಕಾದುದರಿಂದ, ಇಥೀರಿಯಮ್ ಜಾಲದ ಯಂತ್ರವು ದಶಮಾಂಶದ ಗೊಡವೆಗೇ ಹೋಗದೆ ಪೂರ್ಣಾಂಕಗಳಲ್ಲಿ ಮಾತ್ರ ಗಣಿಸುತ್ತದೆ. ಆ ಜಾಲದ ಹಣದ ಹೆಸರು ಈಥರ್; ಅರ್ಧ ಈಥರ್ ಎಂಬ ಮಾತು ಮನುಷ್ಯರದು. ಯಂತ್ರಕ್ಕೆ ಗೊತ್ತಿರುವುದು ‘ವೇ’ ಎಂಬ ಒಡೆಯಲಾಗದ ಚೂರು. ಒಂದು ಈಥರಿಗೆ ಇಂಥ ಚೂರುಗಳೆಷ್ಟೆಂದರೆ, 1ರ ಮುಂದೆ 18 ಸೊನ್ನೆ. ಈ ಸಂಖ್ಯೆಗೆ ಹೆಸರನ್ನು ಹೊರಗೆ ಅರಸಬೇಕಾಗಿಲ್ಲ: ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯನು ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದ್ದಾನೆ, ಅವುಗಳಲ್ಲಿ ಹತ್ತೊಂಬತ್ತನೆಯದು ‘ಶಂಖ’. ಒಂದು ಈಥರ್ ಎಂದರೆ ಒಂದು ಶಂಖ ವೇ. ಬಿಟ್‌ಕಾಯಿನ್ ಇಷ್ಟು ನುಣುಪಾಗಿ ಒಡೆಯುವುದಿಲ್ಲ. ಅದಕ್ಕೆ ಸತೋಶಿ ಎಂಬ ಚೂರುಗಳು 10 ಕೋಟಿ ಮಾತ್ರ.

ಇಥೀರಿಯಮ್ ಜಾಲದ ಮೇಲೆ ಯಾರು ಬೇಕಾದರೂ ತಮ್ಮದೇ ಟೋಕನ್ ಹೊರಡಿಸಬಹುದು. ಅದನ್ನು ಎಷ್ಟು ದಶಮಾಂಶ ಸ್ಥಾನಗಳಲ್ಲಿ ಓದಬೇಕೆಂಬುದು ಹೊರಡಿಸಿದವರ ಇಚ್ಛೆ. ಡಾಯ್‌ಗೆ 18 ಸ್ಥಾನ, ಯುಎಸ್‌ಡಿಸಿಗೆ 6. ಯುಎಸ್‌ಡಿಟಿಯಂತೂ ಇಥೀರಿಯಮ್ ಮೇಲೆ 6 ಸ್ಥಾನದ್ದಾಗಿದ್ದು, ಬಿಎನ್‌ಬಿ ಎಂಬ ಇನ್ನೊಂದು ಜಾಲದ ಮೇಲಣ ಅದರ ಪ್ರತಿರೂಪ 18 ಸ್ಥಾನದ್ದಾಗಿದೆ. ಕಚ್ಚಾ ಸೇರು, ಪಕ್ಕಾ ಸೇರು ಎಂದು ಒಂದೇ ಹೆಸರಿನ ಎರಡು ತೂಕಗಳನ್ನು ಕಂಡ ನಮ್ಮ ಪೇಟೆಗೆ ಇದು ಹೊಸ ಕಷ್ಟವಲ್ಲ. ಹೊಸದಾಗಿರುವುದು ತಪ್ಪಿನ ಗಾತ್ರ. ಹದಿನೆಂಟನ್ನು ಆರೆಂದು ಊಹಿಸಿದ ತಂತ್ರಾಂಶವು ಮೊತ್ತವನ್ನು ಒಂದು ಲಕ್ಷ ಕೋಟಿ ಪಟ್ಟು ಹಿಗ್ಗಿಸಿ ಓದುತ್ತದೆ. ಆದುದರಿಂದ ಸ್ಥಾನಸಂಖ್ಯೆಯನ್ನು ಊಹಿಸದೆ, ಆಯಾ ಜಾಲದಲ್ಲಿರುವ ಆಯಾ ಟೋಕನ್ನಿನ ಕರಾರನ್ನೇ, ಎಂದರೆ ಅದನ್ನು ನಡೆಸುವ ತಂತ್ರಾಂಶವನ್ನೇ, ಕೇಳಿ ತಿಳಿಯಬೇಕು.

ಎರಡನೆಯ ಅಪಾಯವು ಜಾಲದಲ್ಲಿಲ್ಲ, ಅದರ ಮುಂದೆ ನಿಂತ ಜಾಲತಾಣದ ಪುಟದಲ್ಲಿದೆ. ಆ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್ ಸಾಮಾನ್ಯ ಸಂಖ್ಯೆಗಳನ್ನು ದ್ವಿಮಾನ ಪದ್ಧತಿಯ ಚಲಬಿಂದುಗಳಾಗಿ ಇಡುವುದರಿಂದ, ಅಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ದೊರೆಯುತ್ತದೆ, ಪೂರ್ಣಾಂಕಗಳು ಕೂಡ ಎರಡರ ಐವತ್ತಮೂರನೆಯ ಘಾತದವರೆಗೆ, ಎಂದರೆ ಮಹಾವೀರನ ಮಾತಿನಲ್ಲಿ ಸುಮಾರು ಒಂಬತ್ತು ಮಹಾಪದ್ಮದವರೆಗೆ, ಮಾತ್ರ ನಂಬಿಕೆಗೆ ಅರ್ಹ. ಈಥರಿನ ಲೆಕ್ಕದಲ್ಲಿ ಇದು 0.009ಕ್ಕೇ ಮುಗಿಯುತ್ತದೆ. ಬಲ್ಲವರು ಇಂಥ ಮೊತ್ತವನ್ನು ಅಕ್ಷರಮಾಲೆಯಾಗಿ ಪಡೆದು, ಮಹಾಪೂರ್ಣಾಂಕವಾಗಿ ಗಣಿಸಿ, ಓದುಗನ ಕಣ್ಣಿಗೆ ತೋರಿಸುವ ಕಡೆಯ ಗಳಿಗೆಯಲ್ಲಿ ಮಾತ್ರ ದಶಮಾಂಶದ ಚುಕ್ಕೆ ಇಡುತ್ತಾರೆ.

ಇನ್ನು ಭಾಗಾಕಾರ. ಪೂರ್ಣಾಂಕಗಳ ಲೋಕದಲ್ಲಿ ಭಾಗಿಸಿದಾಗ ಉಳಿಯುವ ಶೇಷವು ಸದ್ದಿಲ್ಲದೆ ಉದುರಿಹೋಗುತ್ತದೆ. 50 ಚೂರುಗಳ ಶೇಕಡ 3 ಎಷ್ಟೆಂದು ತಿಳಿಯಲು ಮೊದಲು ನೂರರಿಂದ ಭಾಗಿಸಿದರೆ ಸೊನ್ನೆ ಬರುತ್ತದೆ, ಸೊನ್ನೆಯನ್ನು ಮೂರರಿಂದ ಗುಣಿಸಿದರೂ ಸೊನ್ನೆಯೇ; ಮೊದಲು ಗುಣಿಸಿ 150 ಮಾಡಿ ಬಳಿಕ ಭಾಗಿಸಿದರೆ ಒಂದಾದರೂ ಕೈಗೆ ಹತ್ತುತ್ತದೆ. ಗುಣಾಕಾರ ಮುಂಚೆ, ಭಾಗಾಕಾರ ಕಡೆಗೆ: ಇದು ಈ ಕಸುಬಿನ ಮೊದಲ ಪಾಠ. ಆದರೂ ಉಳಿಯುವ ಅರ್ಧ ಚೂರು ಯಾರ ಪಾಲೆಂಬುದನ್ನು ಬರೆದಿಡಬೇಕು. ಅನೇಕರ ಹಣವನ್ನು ಒಟ್ಟಿಗಿರಿಸುವ ಕೋಶಗಳಿಗಾಗಿ ರೂಪಿತವಾದ ಇಆರ್‌ಸಿ-4626 ಎಂಬ ಮಾನದಂಡವು, ಕೊಡುವಾಗ ಕೆಳಕ್ಕೂ ಪಡೆಯುವಾಗ ಮೇಲಕ್ಕೂ ಸರಿಸಿ, ಶೇಷವು ಸದಾ ಕೋಶದಲ್ಲಿಯೇ ಉಳಿಯುವಂತೆ ವಿಧಿಸುತ್ತದೆ.

ಚೂರಿಗಾಗಿ ಇಷ್ಟು ಜಿಪುಣತನವೇಕೆ ಎನ್ನುವವರಿಗೆ ಎರಡು ನಿದರ್ಶನಗಳುಂಟು. 1982ರಲ್ಲಿ 1000ದಿಂದ ಆರಂಭವಾದ ವ್ಯಾಂಕೂವರ್ ಷೇರುಪೇಟೆಯ ಸೂಚ್ಯಂಕವು, ಪ್ರತಿ ವಹಿವಾಟಿಗೂ ಮೂರನೆಯ ದಶಮಾಂಶದಾಚೆಯದನ್ನು ಕತ್ತರಿಸಿ ಎಸೆಯುತ್ತ ಬಂದು, 1983ರ ನವೆಂಬರಿನಲ್ಲಿ 1098.892 ಇರಬೇಕಾದಲ್ಲಿ 524.811ಕ್ಕೆ ಕುಸಿದಿತ್ತು. 2025ರ ನವೆಂಬರಿನಲ್ಲಿ ಬ್ಯಾಲೆನ್ಸರ್ ಎಂಬ ವಿನಿಮಯ ವ್ಯವಸ್ಥೆಯಲ್ಲಿ, ಮೊತ್ತಗಳನ್ನು ಸಮಾನ ದಶಮಾಂಶಕ್ಕೆ ತರುವ ಹಂತದ ಸರಿಪಡಿಕೆಯೊಂದು ಸಲ್ಲದ ದಿಕ್ಕಿಗೆ ಇಳಿಯುತ್ತಿದ್ದುದನ್ನು ಕಂಡುಕೊಂಡ ಚೋರರು, ಕೆಲವೇ ಚೂರುಗಳ ವಿನಿಮಯವನ್ನು ಮತ್ತೆ ಮತ್ತೆ ನಡೆಸಿ 10 ಕೋಟಿ ಡಾಲರಿಗೂ ಮಿಕ್ಕ ಹಣವನ್ನು ಸಾಗಿಸಿದರು. ಮೊದಲನೆಯದು ಹದಿನಾರು ಸಲ ಒಂದಾಣೆ ಕೊಟ್ಟು ನಾಲ್ಕು ಪೈಸೆ ಕಳೆದುಕೊಂಡವನ ಕಥೆ. ಎರಡನೆಯದು ಅರುವತ್ತನಾಲ್ಕು ಸಲ ಕಾಲಾಣೆ ಕೊಟ್ಟು ಇಪ್ಪತ್ತೆಂಟು ಪೈಸೆ ಗಳಿಸಿದವನ ಕಥೆ.

1957ರಲ್ಲಿ ಆ ನಷ್ಟಕ್ಕೂ ಗಳಿಕೆಗೂ ಮನುಷ್ಯನ ಬೇಸರವೇ ಮೇರೆಯಾಗಿತ್ತು; ಅರುವತ್ತನಾಲ್ಕು ಸಲ ಒಂದೇ ಅಂಗಡಿಯ ಮೆಟ್ಟಿಲು ಹತ್ತುವ ವ್ಯವಧಾನ ಯಾರಿಗಿದ್ದೀತು? ಯಂತ್ರಕ್ಕೆ ಬೇಸರವೆಂಬುದಿಲ್ಲ. ಆದುದರಿಂದ ಅಂದು ಶಾಸನದ ಒಂದು ಸಾಲಿನಿಂದ ನೀಗಿದ ಶೇಷವನ್ನು ಇಂದು ತಂತ್ರಾಂಶದ ಸಾಲುಸಾಲಿನಲ್ಲಿಯೂ ಕಾಯಬೇಕಾಗಿದೆ: ಚೂರುಗಳನ್ನು ಚೂರುಗಳಾಗಿಯೇ ಕೂಡಿಸಿ, ಒಮ್ಮೆ ಮಾತ್ರ, ಕಡೆಯಲ್ಲಿ ಮಾತ್ರ ಸರಿಪಡಿಸಬೇಕು. ಬಿಡಿಬಿಡಿಯಾಗಿ ಎಣಿಸಿದ ಹದಿನಾರಾಣೆ 96ಕ್ಕೆ ನಿಂತೀತು. ಕೂಡಿಸಿ ಎಣಿಸಿದ ಹದಿನಾರಾಣೆಯೇ ನಿಜ.