ಎರಡು ಎಂಜಿನ್ ಇದ್ರೆ ಸಾಕಾ?

ಚಿಗಳ್ಳಿ, ಮುಂಡಗೋಡ ಕಡೆಯವರು ವಿಮಾನ ಹತ್ತಬೇಕಂದ್ರೆ ಹತ್ತಿರದ್ದು ಹುಬ್ಬಳ್ಳಿ. ಅಲ್ಲಿ ರೆಕ್ಕೆ ಕೆಳಗೆ ಎರಡು ಎಂಜಿನ್ ಕಂಡ್ರೆ ನಮಗೆಲ್ಲ ಒಂದು ಧೈರ್ಯ: ಒಂದು ಕೈಕೊಟ್ರೂ ಇನ್ನೊಂದು ಇದೆಯಲ್ಲ! ಧೈರ್ಯ ಸರಿಯೇ, ಒಂದೇ ಎಂಜಿನ್ನಿನಲ್ಲೂ ವಿಮಾನ ಇಳಿಯಬಲ್ಲದು. ಆದರೆ ಎರಡರಲ್ಲೂ ಒಂದೇ ದೋಷ ಇದ್ದರೆ?

2019ರಲ್ಲಿ ಇಂಡಿಗೋದ ಎ320 ನಿಯೋ ವಿಮಾನಗಳ ಮುಂದೆ ಬಂದ ಪ್ರಶ್ನೆ ಇದೇ. ಅವುಗಳ ಪ್ರಾಟ್ ಅಂಡ್ ವಿಟ್ನಿ ಎಂಜಿನ್ನುಗಳಲ್ಲಿ ಲೋ-ಪ್ರೆಶರ್ ಟರ್ಬೈನಿನ ಮೂರನೇ ಹಂತದ ಬ್ಲೇಡುಗಳು ಮುರೀತಿದ್ದವು. ಹಾರುವಾಗಲೇ ಎಂಜಿನ್ ಆಫ್ ಮಾಡಬೇಕಾಗ್ತಿತ್ತು. ಹಳೇ ಬ್ಲೇಡು ಟೈಟೇನಿಯಂ ಅಲ್ಯೂಮಿನೈಡಿನದು: ಹಗುರ, ಆದರೆ ಪೆಟ್ಟು ತಡೆಯೋದು ಕಮ್ಮಿ. ಸುಧಾರಿಸಿದ ಬ್ಲೇಡು ನಿಕಲ್ ಮಿಶ್ರಲೋಹದ್ದು: ತೂಕ ಹೆಚ್ಚು, ತಾಳಿಕೆಯೂ ಹೆಚ್ಚು.

ವಿಮಾನಯಾನ ನಿಯಂತ್ರಕ ಡಿಜಿಸಿಎ ಅಕ್ಟೋಬರಿನಲ್ಲಿ ಮೊದಲು ಹಿಡಿದದ್ದು, ಎರಡೂ ಎಂಜಿನ್ 2,900 ಗಂಟೆ ದಾಟಿದ್ದ 16 ವಿಮಾನಗಳನ್ನು. ಕನಿಷ್ಠ ಒಂದನ್ನಾದರೂ ಬದಲಿಸಿ ಅಂತು. ಒಂದು ಹೊಸದಾದರೆ ಸಾಕು, ಎರಡೂ ಒಟ್ಟಿಗೆ ಒಂದೇ ಕಾರಣಕ್ಕೆ ಕೆಡುವ ಭಯ ತಗ್ಗುತ್ತೆ. ನವೆಂಬರ್ 1ರಂದು ಆದೇಶ ಎಲ್ಲ 97 ವಿಮಾನಗಳಿಗೂ ಬಂತು: 2020ರ ಜನವರಿ 31ರೊಳಗೆ ಬದಲಿಸದಿದ್ದರೆ ಹಾರುವಂತಿಲ್ಲ. ಅಷ್ಟು ಬೇಗ ಅಷ್ಟು ಎಂಜಿನ್ ಸಿಗಲಿಲ್ಲ. ಗಡುವು ಮೇ 31ಕ್ಕೆ ಹೋಯ್ತು, ಆಮೇಲೆ ಇನ್ನೂ ಮುಂದಕ್ಕೆ.

ಪ್ರಾಬಬಿಲಿಟಿ ಲೆಕ್ಕದಲ್ಲಿ ನಾವು ‘ಎರಡೂ ಸ್ವತಂತ್ರ ಘಟನೆಗಳು’ ಅಂತ ಒಂದು ಸಾಲು ಬರೆದು, ಸೀದಾ ಗುಣಿಸಿಬಿಡ್ತೀವಿ. ಆ ಸಾಲು ನಿಜವೋ ಸುಳ್ಳೋ ಅಂತ ಬ್ಲೇಡು ಬಿಚ್ಚಿ ನೋಡೋ ಕೆಲಸಕ್ಕೇ ಕಡ್ಡಾಯ ತಪಾಸಣೆ ಅನ್ನೋದು.